ಒಂಬತ್ತನೆಯ ಅಧ್ಯಾಯದ ಹಾಳೆಗಳು

ಮೈದಾಹಿಟ್ಟು ತಳ ಹಿಡಿಯಬಾರದೆಂದು ಅನ್ನವ್ವ ಸೌಟನ್ನು ಒಂದೇ ಸಮನೆ ತಿರುವುತ್ತಿದ್ದಳು. ಹತ್ತಿಕಟ್ಟಿಗೆಯ ಉರಿಗೆ ಹದವೆಂಬುದಿಲ್ಲ. ಭಗ್ಗನೆ ಎದ್ದು ಪಾತ್ರೆಯ ಕಂಠ ನೆಕ್ಕುವುದು, ಮರುಗಳಿಗೆಗೇ ಬೂದಿಯಲ್ಲಿ ಮುಖ ಹುದುಗಿಸುವುದು. ಬಗ್ಗಿ ಊದಿದಾಗಲೆಲ್ಲ ಕೈ ನಿಲ್ಲುತ್ತಿತ್ತು, ಕೈ ನಿಂತಲ್ಲಿ ಒಂದು ಗಂಟು ಕಟ್ಟುತ್ತಿತ್ತು, ಆ ಗಂಟನ್ನು ಪಾತ್ರೆಯ ಬದಿಗೆ ಒತ್ತಿ ಒಡೆಯುವಷ್ಟರಲ್ಲಿ ಇನ್ನೊಂದು ತೇಲಿ ಬರುತ್ತಿತ್ತು. ಹಾಲಿನಂತೆ ಬೆಳ್ಳಗಿದ್ದದ್ದು ಈಗ ಬಣ್ಣ ಬಿಟ್ಟು, ನೆನೆದ ಸಾಬೂದಾಣಿಯಂತೆ ಒಳಗಿನ ಬೆಳಕು ಕಾಣುವ ಹದಕ್ಕೆ ಬಂದಿತ್ತು. ಅಂಟು ಎಂದರೆ ಹಿಟ್ಟು ನೀರು ಕಲಸಿದ್ದಲ್ಲ, ಕುದ್ದದ್ದು ಎಂಬುದು ಅವಳಿಗೆ ನವಲಗುಂದದ ತವರುಮನೆಯಲ್ಲೇ ಗೊತ್ತಾಗಿತ್ತು. ಒಂದು ದೀಪಾವಳಿಗೆ ಆಕಾಶಬುಟ್ಟಿ ತಾನೇ ಮಾಡುತ್ತೇನೆಂದು ಹಟ ಹಿಡಿದು, ಒಲೆಯ ಮುಂದೆ ಕೂಡುವ ತಾಳ್ಮೆಯಿಲ್ಲದೆ, ಅರೆಬೆಂದ ಹಿಟ್ಟಿನಿಂದಲೇ ಬಣ್ಣದ ಹಾಳೆ ಹಚ್ಚಿದ್ದಳು. ಹಸಿ ಇದ್ದಾಗ ಚೆಂದಾಗಿ ಹಿಡಿದುಕೊಂಡಿತ್ತು. ಬಿಸಿಲು ತಾಗಿ ಒಣಗಿದ ಮೇಲೆ ಹಿಟ್ಟು ಪುಡಿಪುಡಿಯಾಗಿ ಉದುರಿ, ಮುಂಜಾನೆ ಎದ್ದು ನೋಡಿದರೆ ಕೆಂಪು ಹಸಿರು ಹಾಳೆಗಳೆಲ್ಲ ಅಂಗಳದಲ್ಲಿ ದನಗಳ ಕಾಲಿಗೆ ಸಿಕ್ಕಿದ್ದವು. ಮೇಲೆ ಬರೀ ಬಿದಿರಿನ ಕಡ್ಡಿಯ ಗೂಡು ತೂಗುತ್ತಿತ್ತು. ಅಪ್ಪ ನಕ್ಕಿದ್ದ. ಆ ನಗು ಈಗ ಯಾಕೆ ನೆನಪಾಯಿತೋ. ಅನ್ನವ್ವ ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡು, ಎರಡು ಬೆರಳು ಕೂಡಿಸಿ ಬಿಡಿಸಿದಳು. ಬಿಡಲೊಲ್ಲೆ ಎಂಬಂತೆ ಎಳೆ ಎದ್ದಿತು. ಪಾತ್ರೆಯನ್ನು ಇಳಿಸಿದಳು.

"ಏನಬೇ ಅದು, ಅಂಬಲಿ ಮಾಡಾಕತ್ತೀ ಏನು? ಯಾರಿಗಿ ಆರಾಮಿಲ್ಲ?" ಎಂದು ಪಡಸಾಲೆಯಿಂದ ಅತ್ತೆ ಗುರವ್ವ ಕೇಳಿದಳು. ಕಂಬಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ಅರಳೆ ಇಟ್ಟುಕೊಂಡು ಮುದುಕಿ ಬತ್ತಿ ಹೊಸೆಯುತ್ತಿದ್ದಳು.

"ಅಂಬಲಿ ಅಲ್ರಿ ಅತ್ತಿ, ಅಂಟು. ಶಾಲಿ ಪುಸ್ತಕಕ್ಕ."

"ಹರದಾವೇನು?"

"ಇಲ್ರಿ. ಚಲೋ ಅದಾವು."

"ಚಲೋ ಇದ್ದವನ್ಯಾಕ ಅಂಟಸ್ತೀ ಮತ್ತ?"

ಅನ್ನವ್ವ ಪಾತ್ರೆಯನ್ನು ಸೆರಗಿನಿಂದ ಹಿಡಿದು ತಂದು, ಹಳೆಯ ಗೋಣಿತಟ್ಟಿನ ಮೇಲೆ ಇಟ್ಟಳು. ಬಾಜುವಿನಲ್ಲಿ ಹತ್ತನೆಯ ಇಯತ್ತೆಯ ಇಂಗ್ಲೀಷ್ ಕಾದಂಬರಿಯ ಅಷ್ಟೂ ಪ್ರತಿಗಳು ಒಂದರ ಮೇಲೊಂದು ಕೂತಿದ್ದವು. ಗಂಡ ಈರಬಸಪ್ಪ ಮುಂಜಾನೆಯೇ ಶಾಲೆಯ ಕಪಾಟು ತೆಗೆಸಿ, ಹತ್ತಿ ತುಂಬುವ ಚೀಲದಲ್ಲಿ ಹಾಕಿಸಿಕೊಂಡು ತಂದಿದ್ದ. ಚೀಲದ ಬಾಯಿಗೆ ಜವಾನ ಬಿಗಿದಿದ್ದ ಗಂಟನ್ನು ಬಿಚ್ಚಿ ಮತ್ತೆ ತಾನೇ ಬಿಗಿದಿದ್ದನೆಂಬುದು ಗಂಟು ನೋಡಿದ ಕೂಡಲೇ ಅವಳಿಗೆ ತಿಳಿದಿತ್ತು. "ನಾಳೆ ಶಾಲಿ ತಗಿಯೂದರೊಳಗ ಕಪಾಟಿನ್ಯಾಗ ಇರಬೇಕು" ಎಂದು ಹೇಳಿ, ಅವಳಿಗೆ ನೆರಳಾಗಲೆಂದು ಪಡಸಾಲೆಯ ತಟ್ಟಿ ಇಳಿಬಿಟ್ಟು, ಹತ್ತಿ ಅಂಗಡಿಗೆ ಹೋಗಿದ್ದ. ಮೊದಲ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಅನ್ನವ್ವ ಒಂಬತ್ತನೆಯ ಅಧ್ಯಾಯ ತೆಗೆದಳು. ಹೆಚ್ಚು ಹಾಳೆಗಳೇನೂ ಇಲ್ಲ. ಹಾಳೆಯ ಅಂಚಿಗೆ ಬೆರಳಿನಿಂದ ಅಂಟು ಸವರಿದಳು, ಮುಂದಿನ ಹಾಳೆ ಒತ್ತಿದಳು, ಅದರ ಅಂಚಿಗೆ ಸವರಿದಳು. ಎಂಟು ಮುಗಿದ ಮೇಲೆ ಹತ್ತು. ನಡುವೆ ಒಂದು ದಪ್ಪ ರಟ್ಟು. ಮುಗಿಸಿದ ಪುಸ್ತಕ ಕೈಯಲ್ಲಿ ಹಿಡಿದರೆ ಹೊಟ್ಟೆಯಲ್ಲಿ ಏನನ್ನೋ ನುಂಗಿಕೊಂಡು ಸುಮ್ಮನಿರುವವರ ಹಾಗೆ ಕಂಡಿತು.

ಮೂರು ಪುಸ್ತಕಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂದು ಹೆಡ್‌ಮಾಸ್ತರರು ಜೂನ್ ತಿಂಗಳಲ್ಲಿ ಹೇಳಿದಾಗ, ಇಂಗ್ಲೀಷ್ ಪಾಠ ಮಾಡುವವಳಾಗಿ ಇದನ್ನು ಆರಿಸಿದವಳು ಅವಳೇ. ನೂರು ವರ್ಷದ ಹಿಂದಿನ ವಿಲಾಯತಿ ಕಾದಂಬರಿ. ಬಂದಾಗ ಅಲ್ಲಿಯೂ ಬೈಸಿಕೊಂಡಿತ್ತಂತೆ, ಈಗ ಎಲ್ಲರೂ ದೊಡ್ಡದು ಎನ್ನುತ್ತಾರೆ, ಮಕ್ಕಳಿಗೆಂದು ಸಣ್ಣದು ಮಾಡಿ ಅಚ್ಚು ಹಾಕಿದ್ದಾರೆ. ಹೊಳೆಯ ದಂಡೆಯ ಒಂದು ಹಿಟ್ಟಿನ ಗಿರಣಿ, ಗಿರಣಿಯ ಒಡೆಯ, ಅವನ ಹೆಂಡತಿ ಮಾರ್ಥಾ. ಎಂಟು ಅಧ್ಯಾಯಗಳವರೆಗೆ ಏನೂ ಆಗುವುದಿಲ್ಲ: ಅವಳು ರೊಟ್ಟಿ ಸುಡುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಹೊಳೆಯ ನೀರು ಏರುತ್ತದೆ ಇಳಿಯುತ್ತದೆ. ಒಂಬತ್ತನೆಯದರಲ್ಲಿ ಒಂದು ನಸುಕಿನಲ್ಲಿ ಎದ್ದು ಮನೆ ಬಿಟ್ಟು ಹೋಗುತ್ತಾಳೆ. ಹತ್ತರಲ್ಲಿ ಎಲ್ಲೋ ಬಂದರಿನ ಊರಲ್ಲಿ ಮೀನಿನ ಬುಟ್ಟಿ ಹೆಣೆಯುತ್ತಿರುತ್ತಾಳೆ. ಅವಳಿಗೆ ಶಿಕ್ಷೆಯಾಗುವುದಿಲ್ಲ, ಅವಳು ತಿರುಗಿ ಬರುವುದೂ ಇಲ್ಲ. ಧಾರವಾಡದಲ್ಲಿ ಬಿ.ಎಡ್. ಮಾಡುವಾಗ ಹಾಸ್ಟೆಲಿನ ಕಾಟಿನ ಮೇಲೆ ಬೋರಲಾಗಿ ಇದರ ಪೂರ್ತಿ ಪುಸ್ತಕ ಓದಿದ ದಿನ ಅವಳು ಊಟಕ್ಕೆ ಹೋಗಿರಲಿಲ್ಲ. ಲಗ್ನವಾದ ಮೇಲೂ ಓದು ಎಂದು ಹುಬ್ಬಳ್ಳಿಯ ಬಸ್ಸು ಹತ್ತಿಸಿ, ಧಾರವಾಡದವರೆಗೆ ಬಂದು, ಹಾಸ್ಟೆಲಿನ ಬಾಗಿಲಲ್ಲಿ ಟ್ರಂಕು ಇಳಿಸಿದವನು ಈರಬಸಪ್ಪನೇ. ಟ್ರಂಕಿನ ಕೀಲಿಯನ್ನು ಎಳೆದು ನೋಡಿ ಹೋಗಿದ್ದ.

ಮೂರನೆಯ ಪ್ರತಿಗೆ ಕೈ ಹಾಕುವಾಗ, ಶಾಲೆಯ ವರಾಂಡದ ಬೆಂಚು ನೆನಪಾಗಿ ಅವಳ ಕಿವಿ ಬಿಸಿಯಾದವು. ಆ ದಿನ ಶಾಲೆಯ ಕಮಿಟಿಯವರು ಹೆಡ್‌ಮಾಸ್ತರರ ಖೋಲಿಯಲ್ಲಿ ಕೂತಿದ್ದರು, ಅವಳನ್ನು ಹೊರಗೆ ಕೂಡಿಸಿದ್ದರು. ಆಟದ ಬಯಲಿನಲ್ಲಿದ್ದ ಹುಡುಗಿಯರು ಕಂಡೂ ಕಾಣದಂತೆ ಅವಳ ಮುಂದೆ ಎರಡೆರಡು ಸಲ ಹಾದುಹೋದರು. ಒಳಗೆ ಕಮಿಟಿಯ ಮೆಂಬರಾದ ತನ್ನ ಗಂಡನೂ ಕೂತಿದ್ದಾನೆ, ಅವನ ಚಪ್ಪಲಿ ಬಾಗಿಲ ಹೊರಗೆ ಜೋಡಿಸಿಟ್ಟಂತೆ ಇವೆ, ಉಳಿದವರ ಚಪ್ಪಲಿ ಹೇಗೆಂದರೆ ಹಾಗೆ ಬಿದ್ದಿವೆ. ಒಳಗೆ ಕೇಳಿದರೆ ಏನು ಹೇಳಬೇಕೆಂದು ಅವಳು ಅಣಿ ಮಾಡಿಕೊಂಡಿದ್ದಳು. ಹುಡುಗಿಯರು ಇಂಗ್ಲೀಷಿನಲ್ಲಿ ಬರೀ ಅರ್ಜಿ ಬರೆಯುವುದನ್ನು ಕಲಿತರೆ ಸಾಲದು. ತಮ್ಮ ಊರಲ್ಲದ ಊರಿನಲ್ಲಿ, ತಾವಲ್ಲದ ಒಬ್ಬಳು ಏನು ಯೋಚಿಸಿದಳೆಂದು ತಿಳಿಯುವುದೂ ಕಲಿಯುವುದೇ. ಚೆಂದದ ಮಾತು. ಒಳಗೆ ಹೋದ ಮೇಲೆ ಆ ಮಾತಿನ ತುದಿಯೂ ಸಿಗಲಿಲ್ಲ.

ಗದ್ದಲವೆದ್ದದ್ದು ತರಗತಿಯಿಂದಲ್ಲ. ತರಗತಿಯಲ್ಲಿ ಆ ಇಂಗ್ಲೀಷ್ ಯಾರಿಗೂ ಗದ್ದಲವೆಬ್ಬಿಸುವಷ್ಟು ತಿಳಿಯುತ್ತಿರಲಿಲ್ಲ. ಮೆಣಸಿನಕಾಯಿ ವ್ಯಾಪಾರದ ಹಸೀನಾಬಿಯ ಅಂಗಳದಿಂದ ಎದ್ದಿತು. ಈ ದಿನಗಳಲ್ಲಿ ಅಲ್ಲಿ ಮೆಣಸಿನಕಾಯಿಯ ರಾಶಿ ಮನೆಯ ಎತ್ತರಕ್ಕೆ ಬಿದ್ದಿರುತ್ತದೆ. ಊರಿನ ಹೆಂಗಸರು ಸುತ್ತ ಕೂತು ತೊಟ್ಟು ಬಿಡಿಸುತ್ತಾರೆ. ಕೂಲಿಗೆ ಬರುವವರು ಕೂಲಿಗೆ, ಗುರವ್ವನಂಥವರು ಹೊತ್ತು ಹೋಗಲೆಂದು. ಹತ್ತನೆಯ ಇಯತ್ತೆಯ ಸಾವಂತ್ರೆವ್ವ ಶಾಲೆ ಬಿಟ್ಟ ಮೇಲೆ ಅವ್ವನ ಜೋಡಿ ಅಲ್ಲಿಗೆ ಹೋಗುತ್ತಾಳೆ. ಕೈಗೆ ಕೆಲಸ, ಬಾಯಿಗೆ ಏನಾದರೂ ಬೇಕಲ್ಲ. ಒಂದು ದಿನ ಅವಳು ಅಂದಿನ ಇಂಗ್ಲೀಷ್ ಪಾಠ ಹೇಳಿದಳು. ಮರುದಿನ ಹೆಂಗಸರು "ಮುಂದ ಏನಾತ ಬೇ?" ಎಂದು ದುಂಬಾಲು ಬಿದ್ದರು. ಹೀಗೆ ಅಧ್ಯಾಯದ ಮೇಲೆ ಅಧ್ಯಾಯ ಕನ್ನಡಕ್ಕೆ ಬಂದು, ಮಾರ್ಥಾ ಎಂಬ ಹೆಸರು ನಾಲಿಗೆಗೆ ಒಗ್ಗದೆ ಮರೆವ್ವನಾದಳು, ಅವಳ ಒಲೆ ಇವರ ಒಲೆಯಾಯಿತು, ಹೊಳೆ ಬೆಣ್ಣೆಹಳ್ಳವಾಯಿತು. ಅನ್ನವ್ವನೂ ಒಂದು ಸಂಜೆ ಅತ್ತೆಯನ್ನು ಕರೆದುಕೊಂಡು ಬರಲು ಹೋಗಿ ಗೋಡೆಯ ಮರೆಗೆ ನಿಂತು ಕೇಳಿದ್ದಳು. ಹುಡುಗಿ ಇಲ್ಲದ್ದನ್ನೂ ಕೂಡಿಸಿ ಹೇಳುತ್ತಿದ್ದಳು, ಆದರೆ ತಾನು ಎಂದೂ ಪಾಠ ಮಾಡದಷ್ಟು ಚೆಂದ ಹೇಳುತ್ತಿದ್ದಳು. ಮೆಣಸಿನಕಾಯಿಯ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಯಾರದು ಘಾಟಿನದು, ಯಾರದು ಮರೆವ್ವನದು, ಹೇಳುವಂತಿರಲಿಲ್ಲ.

ಒಂಬತ್ತನೆಯ ಅಧ್ಯಾಯದವರೆಗೆ ಪಾಠ ಹೋಗಿರಲೇ ಇಲ್ಲ. ತಡೆಯಲಾರದೆ ಸಾವಂತ್ರೆವ್ವ ಒಂದು ಪ್ರತಿಯನ್ನು ರಾತ್ರಿಯ ಮಟ್ಟಿಗೆ ಕೇಳಿ ಒಯ್ದು, ತಿಳಿದಷ್ಟು ತಿಳಿದುಕೊಂಡು, ಮರುದಿನ ಅಂಗಳದಲ್ಲಿ ಹೇಳಿಬಿಟ್ಟಳು: ಮರೆವ್ವ ಗಂಡನ್ನ ಬಿಟ್ಟು ಹೋದಳು. ತೊಟ್ಟು ಬಿಡಿಸುವ ಕೈಗಳೆಲ್ಲ ನಿಂತವಂತೆ. ಯಾಕ ಹ್ವಾದ್ಲು? ಅದು ಇಂಗ್ಲೀಷು ಭಾಳ ಬಿರುಸೈತಿ, ನನಗ ತಿಳೀಲಿಲ್ಲ, ಅಕ್ಕೋರನ್ನ ಕೇಳಿ ಹೇಳ್ತೀನಿ ಎಂದಳಂತೆ. ಅಕ್ಕೋರನ್ನು, ಅಂದರೆ ಅನ್ನವ್ವನನ್ನು, ಕೇಳುವಷ್ಟರಲ್ಲಿ ಊರು ತಾನೇ ಉತ್ತರ ಹುಡುಕಿಕೊಂಡಿತ್ತು. ಊರಲ್ಲಿ ಇರುವುದು ಒಂದೇ ಹಿಟ್ಟಿನ ಗಿರಣಿ, ಕುಬೇರಪ್ಪನದು. ಅವನ ಹೆಂಡತಿ ರೇವವ್ವ ತಾಯಿಗೆ ಆರಾಮಿಲ್ಲವೆಂದು ಅಳ್ನಾವರಕ್ಕೆ ಹೋಗಿ ಸಂಕ್ರಾಂತಿ ಕಳೆದರೂ ಬಂದಿರಲಿಲ್ಲ. ಇಂಗ್ಲೀಷ್ ಪುಸ್ತಕದಲ್ಲಿ ಕುಬೇರಪ್ಪನ ಮನೆಯ ಕಥೆ ಬಂದಿದೆ ಎಂದು, ಪುಸ್ತಕವೆಂದರೆ ಯಾವಾಗ ಬರೆಯುತ್ತಾರೆ, ಎಲ್ಲಿ ಬರೆಯುತ್ತಾರೆ ಎಂದು ಯಾರೂ ಯೋಚಿಸದೆ, ಹಿಟ್ಟು ಬೀಸಿಸಲು ಬಂದವರು ಗಿರಣಿಯ ಪಟ್ಟಾದ ಸದ್ದಿನಲ್ಲೇ ಮಾತಾಡಿಕೊಂಡರು. ಕುಬೇರಪ್ಪ ಕಮಿಟಿಯ ಮೆಂಬರು ಬೇರೆ.

"ನೂರು ವರ್ಷದ ಹಿಂದಿನ ಕಥಿರಿ ಇದು, ವಿಲಾಯತಿದು" ಎಂದು ಹೆಡ್‌ಮಾಸ್ತರರು ಅಂಗಲಾಚುವವರಂತೆ ಹೇಳುತ್ತಿದ್ದಾಗ ಅವಳನ್ನು ಒಳಗೆ ಕರೆದಿದ್ದರು.

"ವಿಲಾಯತಿ ಗಿರಣಿ ನನಗ ಗೊತ್ತಿಲ್ರಿ ಮಾಸ್ತರ" ಎಂದ ಕುಬೇರಪ್ಪ. "ಈ ಊರಾಗ ಗಿರಣಿ ಇರೂದು ಒಂದ."

ಅಧ್ಯಕ್ಷ ಮಡಿವಾಳೆಪ್ಪನವರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. "ಅಲ್ರಿ ಅಕ್ಕೋರ, ಇಂಗ್ಲೀಷ್ ಕಲಸಬ್ಯಾಡ್ರಿ ಅಂತ ನಾವೇನು ಅಂದಿಲ್ಲ. ಆದರ ಮುಂದಿನ ವರ್ಷ ಲಗ್ನ ಆಗೂ ಹುಡುಗ್ಯಾರು ಇವರು. ಇವರಿಗಿ ಗಂಡನ್ನ ಬಿಟ್ಟ ಹೋಗೂ ಕಥಿ ಯಾಕರಿ? ದೊಡ್ಡ ಪುಸ್ತಕ ಅಂತಾರ ಮಾಸ್ತರು. ದೊಡ್ಡದಿದ್ರ ದೊಡ್ಡವರು ಓದ್ಲಿ. ಆತು, ಆ ಭಾಗ ಒಂದಿಷ್ಟು ಓದ್ರಿ. ಓದಿ ಕನ್ನಡದಾಗ ಹೇಳ್ರಿ. ಯಾಕ ಹ್ವಾದ್ಲಂತ ನಮಗೂ ತಿಳೀಲಿ."

ಅವಳು ನಿಂತೇ ಓದಿದಳು. ಇಂಗ್ಲೀಷ್ ಓದುವಷ್ಟು ಹೊತ್ತೂ ಗಂಡಸರು, ಆ ಬಿರುಸು ಇಂಗ್ಲೀಷ್ ಹಿಡಿಯಲಾರದ ಹೆಡ್‌ಮಾಸ್ತರರೂ ಕೂಡಿ, ಮಂತ್ರ ಕೇಳುವವರಂತೆ ತಲೆ ತಗ್ಗಿಸಿ ಕೂತಿದ್ದರು. ಓದು ಮುಗಿಯಿತು. ಕನ್ನಡದಲ್ಲಿ ಹೇಳಬೇಕೆಂದು ತಲೆ ಎತ್ತಿದರೆ, ಕಿಟಕಿಯ ಹತ್ತಿರ ಕೂತಿದ್ದ ಈರಬಸಪ್ಪ ಯಾವುದೋ ಯೋಚನೆಯಲ್ಲಿ ಕೈ ಚಾಚಿ, ಕಿಟಕಿಯ ಚಿಲಕ ಭದ್ರವಾಗಿದೆಯೋ ಇಲ್ಲವೋ ಎಂದು ಎಳೆದು ನೋಡುತ್ತಿದ್ದ. ಅವಳ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಎಲ್ಲರೂ ಕಾಯುತ್ತಿದ್ದರು.

"ಅಂವ ಆಕಿನ್ನ ಹೊಡೀತಿದ್ದ" ಎಂದಳು ಅನ್ನವ್ವ. "ಅದಕ್ಕ ಹ್ವಾದ್ಲು."

"ಹಂಗಂದ್ರ ಒಂದು ಮಾತೈತಿ" ಎಂದು ಮಡಿವಾಳೆಪ್ಪನವರು ಮೀಸೆ ಸವರಿಕೊಂಡರು. ಅವರ ಮುಖದಲ್ಲಿ ನಿರುಮ್ಮಳ ಕಂಡಿತು. ಕುಬೇರಪ್ಪ ಮಾತ್ರ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತ. "ಅಂದ್ರ ಈಗ ನಾ ಹೊಡೀತೀನಿ ಅಂದಂಗಾತಲ್ರಿ! ನಾ ಎಂದರ ಕೈ ಎತ್ತೇನೇನು? ಯಾರರ ಹೇಳ್ರಿ ನೋಡೂಣು!" ಆಗ ಈರಬಸಪ್ಪ, ಎಂದಿನಂತೆ ದನಿಯೇರಿಸದೆ, ಹಾದಿ ಹೇಳಿದ: "ಪುಸ್ತಕ ಯಾಕ ತಗೀಬೇಕು? ಒಂದ ಅಧ್ಯಾಯ ತಾನ? ಅಂಟಿಸಿಬಿಟ್ರ ಆತು. ನಮ್ಮ ಮನ್ಯಾಕಿನ ಅಂಟಸ್ತಾಳ." ಎಲ್ಲರಿಗೂ ಒಪ್ಪಿಗೆಯಾಯಿತು, ಚಹಾ ಬಂತು. ಮನೆಗೆ ಬರುವಾಗ ಅವನು ಬಿಸಿಲಿರುವ ಬದಿಗೆ ತಾನು ನಡೆದು, ನೆರಳಿನ ಬದಿಯನ್ನು ಅವಳಿಗೆ ಬಿಟ್ಟಿದ್ದ. "ನೋಡು, ನಿನ್ನ ಪುಸ್ತಕಾನೂ ಉಳೀತು, ಅವರ ಮಾನಾನೂ ಉಳೀತು." ಅವನ ಮಾತಿನಲ್ಲಿ ಹೆಮ್ಮೆಯಿತ್ತು, ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಪಾತ್ರೆಯ ಅಂಟು ತಳ ಕಂಡಿತು. ಅರ್ಧದಷ್ಟು ಪುಸ್ತಕಗಳು ಮುಗಿದು ಗೋಡೆಗುಂಟ ಒಣಗುತ್ತಿದ್ದವು. ಮೊದಮೊದಲು ಮಾಡಿದವು ಆಗಲೇ ಸೆಟೆದು ನಿಂತಿದ್ದವು. ಒಂದನ್ನು ಎತ್ತಿ ಉಗುರು ತೂರಿಸಿದಳು, ತೂರಲಿಲ್ಲ. ಬಿಡಿಸಬೇಕಾದರೆ ಹರಿಯಲೇಬೇಕು. ಇದಿಷ್ಟೇ ಆಗಿದ್ದರೆ, ಒಂದು ಕಥೆಯ ಒಂದು ತುಂಡು ಯಾರಿಗೂ ಸಿಗದೆ ಹೋಗುವುದಷ್ಟೇ ಆಗಿದ್ದರೆ, ಅವಳು ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದಳೇನೋ. ಆದರೆ ಅಂಟಿಸಿದಷ್ಟೂ ಅವಳ ಸುಳ್ಳು ಗಟ್ಟಿಯಾಗುತ್ತಿತ್ತು. ಆ ಹಾಳೆಗಳಲ್ಲಿ ಏನಿದೆ ಎಂದು ಓದಿ ತಿಳಿದವಳು ಊರಿನಲ್ಲಿ ಅವಳೊಬ್ಬಳೇ. ಹಾಳೆ ಮುಚ್ಚಿದರೆ ಅವಳು ಹೇಳಿದ್ದೇ ಪುಸ್ತಕ.

ನಿನ್ನೆ ಗಿರಣಿಯ ಹತ್ತಿರ ರೇವವ್ವ ಎದುರಾಗಿದ್ದಳು. ಗಾಳಿಮಾತು ಅಳ್ನಾವರದವರೆಗೆ ಮುಟ್ಟಿ, ತಾಯಿಯನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿ ಬಂದಿದ್ದಳಂತೆ. ಅನ್ನವ್ವ ಜೋಳದ ಪುಟ್ಟಿ ಹೊತ್ತುಕೊಂಡೇ ನಿಂತಳು.

"ಯಾವಾಗ ಬಂದೀ ರೇವವ್ವ? ನಿಮ್ಮವ್ವ ಹ್ಯಾಂಗದಾಳ?"

"ನಮ್ಮವ್ವನ್ನ ಬಿಡ್ರಿ ಅಕ್ಕೋರ." ರೇವವ್ವ ಬಳೆಗಳನ್ನು ಮೊಣಕೈಯವರೆಗೆ ಸರಿಸಿ ಎರಡೂ ಕೈ ಮುಂದೆ ಚಾಚಿದಳು. "ನೋಡ್ರಿ. ನೀವೂ ನೋಡಿಬಿಡ್ರಿ. ಮುಂಜಾನಿಂದ ಬಂದಬಂದವರೆಲ್ಲ ತೋಳ ತೋರ್ಸು ಅಂತಾರ. ಒಬ್ಬಾಕಿ ಬೆನ್ನಿನ್ಯಾಗ ಬಾಸುಂಡಿ ಅದಾವೇನಂತ ಕುಬಸದಾಗ ಇಣಿಕಿ ನೋಡಿದ್ಲು. ನನ್ನ ಗಂಡ ಹೊಡೀತಾನಂತ ಇಂಗ್ಲೀಷ್ ಪುಸ್ತಕದಾಗ ಬರದೈತಂತ, ನೀವ ಓದಿ ಹೇಳೀರಂತ. ನಾ ಏನ್ ಮಾಡಿದ್ದೆರಿ ನಿಮಗ?"

"ಅದು ನಿನ್ನ ಕಥಿ ಅಲ್ಲ ರೇವವ್ವ..."

"ಹಂಗಾರ ಯಾರದು?" ಎಂದು ಕೇಳಿ ರೇವವ್ವ ನೆಟ್ಟ ಕಣ್ಣಿನಿಂದ ನೋಡಿದಳು. ಅನ್ನವ್ವನಿಗೆ ಪುಟ್ಟಿಯ ಭಾರ ಕುತ್ತಿಗೆಗೆ ಇಳಿಯಿತು. ಗಿರಣಿಯೊಳಗೆ ಕುಬೇರಪ್ಪ ಬೆನ್ನು ತಿರುಗಿಸಿ ನಿಂತಿದ್ದ, ಅವನ ಬೆನ್ನೆಲ್ಲ ಹಿಟ್ಟು. ಜೋಳ ಬೀಸಿಸದೆಯೇ ಮನೆಗೆ ಬಂದಿದ್ದಳು. ಹಿಟ್ಟು ಯಾಕಿಲ್ಲ ಎಂದು ಈರಬಸಪ್ಪ ಕೇಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಒತ್ತಿ ಮುಚ್ಚಿದ್ದ.

ಎರಡನೆಯ ಸಲಕ್ಕೆ ಹಿಟ್ಟು ಕಲಸಿಡಬೇಕೆಂದು ಏಳಹೊರಟವಳ ಕೈಗೆ, ಉಳಿದ ರಾಶಿಯ ಮೇಲಿದ್ದ ಪ್ರತಿ ಬಂತು. ತಂತಾನೇ ಒಂಬತ್ತನೆಯ ಅಧ್ಯಾಯಕ್ಕೇ ತೆರೆದುಕೊಂಡಿತು. ಅಂಚಿನಲ್ಲಿ ಕೆಂಪು ಬೆರಳಿನ ಗುರುತು, ಒಂದರ ಕೆಳಗೊಂದು, ಸಾಲು ಹಿಡಿದು ಇಳಿದಿದ್ದವು. ಮೆಣಸಿನಕಾಯಿಯ ಕೈ. ಸಾವಂತ್ರೆವ್ವ ಒಯ್ದದ್ದು ಇದೇ. ಬೆರಳು ಪ್ರತಿ ಸಾಲಿನಲ್ಲಿ ನಿಂತು, ತಿಳಿಯದ ಶಬ್ದದ ಕೆಳಗೆ ಹೆಚ್ಚು ಒತ್ತಿ, ಮುಂದಕ್ಕೆ ಹೋಗಿ, ಒಂದು ಕಡೆ ಪೂರ್ತಿ ನಿಂತುಬಿಟ್ಟಿತ್ತು. ಅಲ್ಲಿಂದ ಮುಂದೆ ಗುರುತಿಲ್ಲದೆ ಹಾಳೆ ಬೆಳ್ಳಗಿತ್ತು. ಅನ್ನವ್ವ ಆ ಬೆಳ್ಳಗಿನ ಭಾಗ ಓದಿದಳು. ಗಿರಣಿಯವನು ಒಳ್ಳೆಯವನೆಂದು ಎಲ್ಲರೂ ಅನ್ನುತ್ತಿದ್ದರು, ಅದು ನಿಜವೂ ಆಗಿತ್ತು. ಅವಳ ಮೇಲೆ ಅವನು ಎಂದೂ ಕೈ ಎತ್ತಿದವನಲ್ಲ. ಆದರೆ ದಿನಾ ಅವಳು ಬಾಗಿಲಿಗೆ ಅಗಳಿ ಹಾಕಿ ಬಂದು ಮಲಗಿದ ಮೇಲೆ, ಅವನು ದೀಪ ಹಿಡಿದುಕೊಂಡು ಎದ್ದು ಹೋಗಿ ಅಗಳಿಯನ್ನು ಮುಟ್ಟಿ ನೋಡಿ ಬರುತ್ತಿದ್ದ. ಇಂದು ಅವನು ಏಳಲಾರನೇನೋ ಎಂದು ಅವಳು ಪ್ರತಿದಿನ ಕಿವಿಗೊಟ್ಟು ಮಲಗುತ್ತಿದ್ದಳು. ಒಂದು ದಿನವೂ ಆ ಹೆಜ್ಜೆಯ ಸಪ್ಪಳ ತಪ್ಪಲಿಲ್ಲ. ಒಂದು ನಸುಕಿನಲ್ಲಿ ಅವಳೇ ಆ ಅಗಳಿ ತೆಗೆದು ಹೊರಗೆ ಬಂದಳು.

ಇಷ್ಟೇ. ಇದನ್ನು ಮಡಿವಾಳೆಪ್ಪನವರ ಮುಂದೆ ಕನ್ನಡದಲ್ಲಿ ಹೇಳಿದ್ದರೆ ಅವರು ನಗುತ್ತಿದ್ದರೋ, ಸಿಟ್ಟಾಗುತ್ತಿದ್ದರೋ. ಹೊಡೆದದ್ದಕ್ಕೆ ಹೋದವಳನ್ನು ಅವರು ಕ್ಷಮಿಸಬಲ್ಲರು. ಕಿಟಕಿಯ ಹತ್ತಿರ ಕೂತಿದ್ದವನು ಮಾತ್ರ ಚಿಲಕದ ಮೇಲಿನ ಕೈಯನ್ನು ಹಿಂದೆಗೆದುಕೊಂಡು ತನ್ನನ್ನು ನೋಡುತ್ತಿದ್ದ, ಆ ನೋಟಕ್ಕೆ ಅಂಜಿ ಸುಳ್ಳು ಹೇಳಿದ್ದಳು. ಅಂಜಿಕೆಯೋ, ಕನಿಕರವೋ. ಮುಚ್ಚಳ, ಕೀಲಿ, ಬಾವಿಯ ಹಗ್ಗದ ಕುಣಿಕೆ, ಸಾರಿನ ಉಪ್ಪು, ಬಸ್ಸಿನಲ್ಲಿ ತನ್ನ ಕೈಯಲ್ಲಿದ್ದ ತಿಕೀಟು. ಇಷ್ಟು ವರ್ಷ ತಾನು ಮುಚ್ಚಿದ್ದೊಂದೂ, ಅವನು ಇನ್ನೊಮ್ಮೆ ಮುಟ್ಟಿ ನೋಡುವವರೆಗೆ, ಮುಚ್ಚಿದಂತಾಗಿಲ್ಲ. ಇದನ್ನೊಂದು ದೂರು ಎಂದು ಯಾರ ಮುಂದೆ ಹೇಳುವುದು, ತೋರಿಸಲು ತೋಳಿನಲ್ಲಿ ಏನಿದೆ? ಅವಳಿಗೆ ಮನೆ ಬಿಟ್ಟು ಹೋಗಬೇಕೆಂದು ಇರಲಿಲ್ಲ. ಮಾರ್ಥಾ ಮಾಡಿದ್ದು ಸರಿಯೆಂದೂ ಅವಳು ಒಮ್ಮೊಮ್ಮೆ ಒಪ್ಪುತ್ತಿರಲಿಲ್ಲ. ಇಂಥದೊಂದು ನೋವಿಗೆ ಎಲ್ಲೋ ಒಂದು ಕಡೆ, ದೂರದ ಊರಿನ ಭಾಷೆಯಲ್ಲಾದರೂ, ಮಾತು ಇದೆ ಎನ್ನುವುದಷ್ಟೇ ಅವಳಿಗೆ ಬೇಕಾಗಿತ್ತು. ಆ ಮಾತಿದ್ದ ಹಾಳೆಗೆ ಮುಂಜಾನೆಯಿಂದ ತನ್ನ ಕೈಯಿಂದಲೇ ಅಂಟು ಸವರುತ್ತ ಕೂತಿದ್ದಾಳೆ.

"ಅನ್ನವ್ವಾ" ಎಂದಳು ಗುರವ್ವ, ಬತ್ತಿಯ ತುದಿಗೆ ಉಗುಳು ಹಚ್ಚಿ ಹೊಸೆಯುತ್ತ. "ಆ ಮರೆವ್ವ ಯಾಕ ಹ್ವಾದ್ಲಂತ ನಿನ್ನ ಗಂಡ ಹೇಳಿದ. ಹೊಡೀತಿದ್ದನಂತ?"

ಅನ್ನವ್ವ ಪುಸ್ತಕ ಮುಚ್ಚಿದಳು. "ಹೂಂನ್ರಿ."

"ಬರೇ ಅಷ್ಟಕ್ಕ?"

"ಹೂಂ."

ಮುದುಕಿ ತೊಡೆಯ ಮೇಲಿನ ಅರಳೆಯಿಂದ ಇನ್ನೊಂದು ಎಳೆ ಬಿಡಿಸಿಕೊಂಡಳು. ಆಮೇಲೆ, "ಅದರಾಗ ಏನೈತಿ ಹೊಸಾದು?" ಎಂದಳು. "ನಿಮ್ಮ ಮಾವನೂ ಹೊಡೀತಿದ್ದ. ಬಡಿಗಿ ಮುರದ್ರ ಬ್ಯಾರೇದು ತಾ ಅಂತ ನನಗ ಹೇಳ್ತಿದ್ದ, ನಾನ ತಂದ ಕೊಡ್ತಿದ್ದೆ. ಹಸೀನಾಬೀನೂ ಹಂಗ ಅಂದ್ಲು. ಇದನ್ನ ಹೇಳಾಕ ಅಷ್ಟ ದೂರದಿಂದ ಒಂದ ಪುಸ್ತಕ ಬರಬೇಕಿತ್ತೇನು? ನಾ ಏನರ ಬ್ಯಾರೇನ ಇದ್ದೀತು ಅನ್ಕೊಂಡಿದ್ದೆ." ಬತ್ತಿಯನ್ನು ಬುಟ್ಟಿಗೆ ಹಾಕಿದಳು. "ಅವತ್ತ ಆ ಹುಡುಗಿ ಹೇಳಿದಾಗ ನನಗ ಅನಸ್ತು, ಏನೋ ಬ್ಯಾರೇ ಐತಿ ಇದರಾಗ, ನಮಗ ಹೇಳಾಕ ಬರದ್ದು ಐತಿ ಅಂತ. ಅಷ್ಟೂ ದಿನ ಕಾದ್ವಿ ನೋಡು. ಹೋಗ್ಲಿ ಬಿಡು."

ಹೇಳಿಬಿಡಬೇಕೆಂದು ಅನ್ನವ್ವನ ಬಾಯಿ ತೆರೆದಿತ್ತು. ಇಲ್ರಿ ಅತ್ತಿ, ಹೊಡದಿಲ್ಲ, ಅಗಳಿ ಮುಟ್ಟಿ ನೋಡ್ತಿದ್ದ. ಎಷ್ಟು ಸಣ್ಣ ಮಾತು. ಆದರೆ ಈ ಪಡಸಾಲೆಯಲ್ಲಿ, ಈ ಕಂಬದ ಬುಡದಲ್ಲಿ ಕನ್ನಡದಲ್ಲಿ ಆ ಮಾತು ಹೊರಬಿದ್ದ ಕೂಡಲೇ ಅದು ಈ ಮನೆಯದಾಗುತ್ತದೆ. ಅಗಳಿ ಮುಟ್ಟಿ ನೋಡುವವನ ತಾಯಿಯ ಮುಂದೆ ಅದನ್ನು ಹೇಗೆ ಹೇಳುವುದು. ಮುದುಕಿಗೆ ಕಣ್ಣು ಮಂದ, ಕಿವಿ ಮಂದವಲ್ಲ. ಮಗನ ಹೆಜ್ಜೆಯ ಸಪ್ಪಳ ಅವಳೂ ದಿನಾ ಕೇಳಿದವಳೇ. ಅನ್ನವ್ವ ತೆರೆದ ಬಾಯಿ ಮುಚ್ಚಿಕೊಂಡು, ಪಾತ್ರೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ಹಿಟ್ಟಿಗೆ ನೀರು ಹೊಯ್ದು ಕಲಸಿದಳು. ಒಲೆಗೆ ಕಟ್ಟಿಗೆ ಒಡ್ಡಿ ಊದಿದಳು. ಸೌಟು ತಿರುಗತೊಡಗಿತು. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಂಡವು, ಬೆಚ್ಚಗಿನ ಹಸಿ ಹಿಟ್ಟಿನ ವಾಸನೆ ಮೂಗಿಗೆ ಬಂತು. ಇನ್ನೂ ಬೆಳ್ಳಗೇ ಇತ್ತು. ಇನ್ನು ಸ್ವಲ್ಪ ಹೊತ್ತು, ಕೈ ನಿಲ್ಲಿಸದೆ ತಿರುವಿದರೆ ಬಣ್ಣ ಬಿಡುತ್ತದೆ. ಆಕಾಶಬುಟ್ಟಿಯ ಬೋಳು ಕಡ್ಡಿಗಳು, ಅಂಗಳದ ತುಂಬ ಬಿದ್ದ ಕೆಂಪು ಹಸಿರು ಹಾಳೆಗಳು, ಅಪ್ಪನ ನಗು. ಅಂಟು ಉದುರಿದ ಮೇಲೆ ಸಾವಂತ್ರೆವ್ವ ಹಾಳೆ ತೆರೆದು, ಬೆರಳಿಟ್ಟು, ಒಂದೊಂದೇ ಶಬ್ದ ಬಿಡಿಸಿಕೊಂಡು ಆ ಬೆಳ್ಳಗಿನ ಭಾಗವನ್ನು ದಾಟುತ್ತಾಳೆ. ದಾಟಿದ ಮೇಲೆ ಅವಳಿಗೆ ಎರಡು ಸಂಗತಿ ಗೊತ್ತಾಗುತ್ತವೆ: ಗಿರಣಿಯವನು ಹೊಡೆಯುತ್ತಿರಲಿಲ್ಲ, ಅಕ್ಕೋರು ಸುಳ್ಳು ಹೇಳಿದರು. ಎರಡನ್ನೂ ಅವಳು ಹಸೀನಾಬಿಯ ಅಂಗಳದಲ್ಲಿ ಹೇಳುತ್ತಾಳೆ, ಹೇಳದೆ ಇರುವ ಹುಡುಗಿಯಲ್ಲ. ಆಮೇಲೆ ರೇವವ್ವನ ತೋಳು ನೋಡಲು ಯಾರೂ ಬರಲಿಕ್ಕಿಲ್ಲ. ತನ್ನನ್ನು ನೋಡಲು ಬರುತ್ತಾರೆ. ಮತ್ತೆ ಆ ವರಾಂಡ, ಆ ಬೆಂಚು, ಈ ಸಲ ಒಳಗಿನಿಂದ ಕರೆಯುತ್ತಾರೋ ಇಲ್ಲವೋ. ಅನ್ನವ್ವ ಸೌಟು ನಿಲ್ಲಿಸಿದಳು. ಕಟ್ಟಿಗೆಯನ್ನು ಹಿಂದಕ್ಕೆಳೆದಳು. ಬೆಳ್ಳಗಿನ ಪಾತ್ರೆಯನ್ನು ಇಳಿಸಿಕೊಂಡು ಪಡಸಾಲೆಗೆ ಬಂದಳು.

"ಹಸಿ ಹಿಟ್ಟಿನ ವಾಸನಿ ಬರಾಕತ್ತೇತಿ ಬೇ" ಎಂದಳು ಗುರವ್ವ.

ಅನ್ನವ್ವ ಕೆಂಪು ಬೆರಳಿನ ಗುರುತಿನ ಪ್ರತಿ ಎತ್ತಿಕೊಂಡು, ಎಲ್ಲಕ್ಕಿಂತ ಮೊದಲು ಅದರ ಅಂಚಿಗೆ ಸವರಿದಳು. ಮುಂಜಾನೆ ಗಟ್ಟಿಯಾಗಿ ಅಂಟಿಸಿದವು ಹಾಗೇ ಇರುತ್ತವೆ. ಅವಕ್ಕೆ ಈಗ ಏನೂ ಮಾಡುವಂತಿಲ್ಲ. ಹುಡುಗಿಯರು ಒಂದೊಂದು ಬೆಂಚಿಗೆ ಕೂಡಿ ಓದುತ್ತಾರೆ, ತೆರೆದದ್ದು ಸಿಕ್ಕವರು ಸಿಗದವರಿಗೆ ತೋರಿಸುತ್ತಾರೆ. ರಾಶಿ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಗುರವ್ವ ತಾನು ಹೊಸೆದ ಬತ್ತಿಗಳಲ್ಲಿ ಒಂದನ್ನು ತೆಗೆದುಕೊಂಡು ದೇವರ ಜಗಲಿಗೆ ದೀಪ ಹಚ್ಚಿದಳು.

ಈರಬಸಪ್ಪ ಬಂದವನು ಕೈಕಾಲು ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು, ಪುಸ್ತಕಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅನ್ನವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ಅವನು ಮೇಲಿನ ಪುಸ್ತಕ ತೆಗೆದು, ಅಂಟಿಸಿದ ಹಾಳೆಗಳ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಹಸಿಯಾಗಿತ್ತು, ಹಿಡಿದುಕೊಂಡಿತು. ನಡುವಿನಿಂದ ಒಂದು ತೆಗೆದ, ಎಳೆದ. ಅದರ ಅಂಚಿನಲ್ಲಿ ಕೆಂಪು ಗುರುತುಗಳಿದ್ದವು, ಅವನು ಅವನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಹೋಗುವುದಿಲ್ಲವೆಂದು ಬಿಟ್ಟ. ಗೋಡೆಗುಂಟ ಇದ್ದವುಗಳಲ್ಲೂ ಒಂದನ್ನು ನೋಡಿದ.

"ಅಗದಿ ಗಟ್ಟಿ ಹತ್ಯಾವು" ಎಂದ. "ಚಲೋ ಮಾಡೀದಿ."

ಒಂದು ಮುಚ್ಚಳಕ್ಕೂ, ಒಂದು ಕೀಲಿಗೂ ಅವನು ಎಂದೂ ಆ ಮಾತು ಆಡಿರಲಿಲ್ಲ. ಅನ್ನವ್ವನ ಮುಖ ಅವಳಿಗೆ ತಿಳಿಯದೆಯೇ ಅರಳಿತು. ಅರಳಿದ್ದು ಗೊತ್ತಾಗಿ ಅವಳಿಗೇ ನಾಚಿಕೆಯಾಯಿತು. ಇದೊಂದು ಮಾತಿಗಾಗಿ ಇಷ್ಟು ವರ್ಷ ಕಾದಿದ್ದೆನೇ, ಅದೂ ಇವತ್ತೇ ಬರಬೇಕೇ. ಈಗಲೂ ತಡವಾಗಿಲ್ಲ, ಒಲೆಯಲ್ಲಿ ಕೆಂಡ ಇದೆ, ಇನ್ನೊಮ್ಮೆ ಕುದಿಸಿ ಸವರಬಹುದು. ಅವನು ಹಿತ್ತಲಿಗೆ ಹೋಗಿ ರುಬ್ಬುಗುಂಡು ಎತ್ತಿಕೊಂಡು ಬಂದು, ಪುಸ್ತಕಗಳ ಮೇಲೆ ಹಲಗೆಯಿಟ್ಟು, ಅದರ ಮೇಲೆ ಗುಂಡು ಕೂಡಿಸಿದ. ಅಲುಗಾಡುತ್ತದೋ ಎಂದು ಮುಟ್ಟಿ ನೋಡಿದ.

"ನಾಳೆ ಮುಂಜಾನಿ ಬಿಸಲಿಗಿ ಒಣಗಿದ್ರ ಕಲ್ಲ ಆಗ್ತಾವ."

"ಹೌದ್ರಿ" ಎಂದಳು ಅನ್ನವ್ವ. "ಊಟಕ್ಕ ಏಳ್ರಿ."

ತಟ್ಟೆ ಹಾಕಲು ಬಗ್ಗಿದಾಗ ಕೈ ನೋಡಿಕೊಂಡಳು. ಸೆರಗಿಗೆ ಒರೆಸಿಕೊಳ್ಳುವ ಮೊದಲೇ, ಬೆರಳುಗಳ ಸಂದಿಯಲ್ಲಿ ಒಣಗಿದ ಹಿಟ್ಟು ಬೆಳ್ಳಗೆ ಪುಡಿಯಾಗಿ ಉದುರತೊಡಗಿತ್ತು.